ಒಂಬತ್ತು ಗಂಟೆಯ ಈಡು

ವಿಲ್ಬರ್ಟ್ ಕೋವಿಯ ನಳಿಗೆಯ ಬಾಯನ್ನು ಮೂಗಿನ ಹತ್ತಿರ ತಂದು ಎರಡು ಸಲ ಮೂಸಿದ. ಮತ್ತೆ ಅದನ್ನು ಮೇಜಿನ ಮೇಲೆ ಮಲಗಿಸಿ ವರ್ನಾಳ ಮುಖ ನೋಡಿದ.

"ಮದ್ದಿನ ವಾಸನೆ ಇದೆ."

"ಇರತ್ತೆ. ಶನಿವಾರ ಗುರಿ ನೋಡೋಕೆ ಕಾಗದದ ತಟ್ಟೆಗೆ ಮೂರು ಈಡು ಹೊಡೆದೆ ಅಂತ ಆಗಲೇ ಹೇಳಿದೆನಲ್ಲ."

"ನಿಮ್ಮಪ್ಪ ಯಾವತ್ತೂ ಕೋವಿ ತಿಕ್ಕದೆ ಎತ್ತಿಟ್ಟವನಲ್ಲ."

"ನಾನು ಅಪ್ಪ ಅಲ್ವಲ್ಲ."

"ಅದಂತೂ ನಮಗೆಲ್ಲ ಕಾಣ್ತಾನೇ ಇದೆ," ಎಂದು ನಾರ್ಬ್ ಒಲೆಯ ಮುಂದಿನಿಂದ ಹೇಳಿ ತಾನೊಬ್ಬನೇ ನಕ್ಕ. ಬೇಟೆ ಬಿಡಾರದ ಅಡುಗೆ ಅವನದು. ಹಂದಿಮಾಂಸದ ಜೊತೆ ಹುಳಿ ಎಲೆಕೋಸು ಕುದಿಯುತ್ತಿತ್ತು. ಯಾರೂ ನಗದಿದ್ದಾಗ ಅವನು ಮುಚ್ಚಳ ತೆಗೆದು ಸುಮ್ಮನೆ ಒಂದು ಸಲ ಕಲಕಿದ.

ಆವತ್ತು ಸೋಮವಾರ, ಕೊಂಬಿನ ಜಿಂಕೆಯ ಬೇಟೆ ಶುರುವಾಗುವ ದಿನ. ಪೆನ್ಸಿಲ್ವೇನಿಯದ ನಮ್ಮ ಈ ಬೆಟ್ಟದ ಸೀಮೆಯಲ್ಲಿ ಆ ದಿನ ಶಾಲೆಗೂ ರಜೆ, ಕಾರ್ಖಾನೆಗೂ ರಜೆ. ಪಾದ್ರಿಯೇ ಕೋವಿ ಹೆಗಲಿಗೇರಿಸಿಕೊಂಡು ಹೋಗಿಬಿಟ್ಟಿರುತ್ತಾನೆ. ವರ್ನಾಳ ಅಪ್ಪ ಅರ್ಬನ್ ನಲವತ್ತು ವರ್ಷ ಈ ಬಿಡಾರಕ್ಕೆ ಬಂದವನು, ಮಾರ್ಚಿನಲ್ಲಿ ತೀರಿಕೊಂಡ. ಅಡಿಯ ಹಿಡಿ ಎಳೆದು ತೋಟೆ ಏರಿಸುವ ಅವನ ಲಿವರ್ ಕೋವಿ, ಕೆಂಪು ಕಪ್ಪು ಚೌಕಳಿಯ ಉಣ್ಣೆ ಅಂಗಿ ಎರಡೂ ಮಗಳಿಗೆ ಬಂದವು. ಬಿಡಾರದಲ್ಲಿ ಅವನು ಮಲಗುತ್ತಿದ್ದ ಮಂಚ ಮಾತ್ರ ಹಾಗೆಲ್ಲ ಬರುವಂಥದ್ದಲ್ಲ. ಅದಕ್ಕೆ ಉಳಿದ ಮೂವರೂ ಕೈ ಎತ್ತಬೇಕು. ವಿಲ್ಬರ್ಟ್, ನಾರ್ಬ್, ಮತ್ತೆ ಅರ್ಬನ್‌ನ ಅಣ್ಣ ಕ್ಲೀಟಸ್. ಹೆಂಗಸೊಬ್ಬಳು ಅಲ್ಲಿ ಮಲಗಿದ್ದೇ ಇಲ್ಲ. "ಈ ವಾರ ನೋಡೋಣ" ಎಂದಿದ್ದ ವಿಲ್ಬರ್ಟ್. ಹೊಸ ಕುದುರೆಯ ಹಲ್ಲು ನೋಡುವವನ ಧಾಟಿ ಅದು.

ಬೆಳಗ್ಗೆ ಒಂಬತ್ತಕ್ಕೆ ಬೀಚ್ ಮರಗಳ ದಿಣ್ಣೆಯಿಂದ ಒಂದೇ ಒಂದು ಈಡು ಕೇಳಿಸಿತ್ತು. ನಾಲ್ವರಿಗೂ ಕೇಳಿಸಿತ್ತು. ದಿಣ್ಣೆಯ ಮೇಲೆ ವರ್ನಾ, ಅವಳಿಗಿಂತ ಕೆಳಗೆ ಕ್ಲೀಟಸ್ ಕೂತಿದ್ದರು. ಉಳಿದಿಬ್ಬರು ದೂರದಲ್ಲಿ, ಹಳ್ಳದ ಕಡೆ. ಊಟಕ್ಕೆ ಇಳಿದಾಗ ಯಾರ ಕೈಯಲ್ಲೂ ಜಿಂಕೆ ಇರಲಿಲ್ಲ. "ಈಡು ನಂದಲ್ಲ," ಎಂದಳು ವರ್ನಾ. ಮಂಜಿನಲ್ಲಿ ಅದು ಯಾವ ಕಡೆಯಿಂದ ಬಂತೆಂದು ಅವಳಿಗೆ ತಿಳಿದಿರಲಿಲ್ಲ. "ಮೇಲಿನಿಂದ ಬಂತು. ಅವಳು ಕೂತ ಕಡೆಯಿಂದ," ಎಂದ ಕ್ಲೀಟಸ್. ಅಲ್ಲಿಗೆ ವಿಲ್ಬರ್ಟ್‌ನಿಗೆ ತೀರ್ಮಾನವಾಗಿಹೋಯಿತು.

ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುವುದು ಬಿಡಾರದ ರೂಢಿ. ಗೋಡೆಯ ತುಂಬ ಅಂಥ ಚಿಂದಿಗಳು. ವಿಲ್ಬರ್ಟ್‌ನವೇ ನಾಲ್ಕಿದ್ದವು.

"ಗುರಿ ತಪ್ಪೋದು ಅವಮಾನ ಅಲ್ಲ ಕಣಮ್ಮ," ಎಂದ ಅವನು. "ಹೊಡೆದು ಹೊಡೀಲಿಲ್ಲ ಅನ್ನೋದು ಅವಮಾನ. ಸುಳ್ಳು ಹೇಳೋರ ಪಕ್ಕದಲ್ಲಿ ತುಂಬಿದ ಕೋವಿ ಇಟ್ಕೊಂಡು ನಾನು ಕೂರಲ್ಲ. ಮೂರು ಗಂಟೆ ತನಕ ಟೈಮು. ಒಪ್ಕೊ, ಕತ್ತರಿ ಹಾಕ್ತೀವಿ, ನಗ್ತೀವಿ, ಮುಗೀತು. ಇಲ್ಲಾಂದ್ರೆ ಹಾಸಿಗೆ ಸುತ್ಕೊ."

ಒಪ್ಪಿಕೊಂಡುಬಿಟ್ಟರೆ ಸುಲಭ, ಅದು ಅವಳಿಗೂ ಗೊತ್ತಿತ್ತು. ಗೇಣುದ್ದ ಬಟ್ಟೆ ಹೋಗುತ್ತದೆ, ಮಂಚ ಉಳಿಯುತ್ತದೆ. ಆದರೆ ಹೊಡೆಯದ ಈಡಿಗೆ ಅಪ್ಪನ ಅಂಗಿ ಕೊಟ್ಟು, ಸುಳ್ಳಿಯಾಗಿ ಅಪ್ಪನ ಮಂಚದಲ್ಲಿ ಮಲಗುವುದೇ? ಮೈಯೆಲ್ಲ ಉರಿದುಹೋಯಿತು. ಇವರು ಮೂವರೂ ಸೇರಿ ತನ್ನನ್ನು ಓಡಿಸಲು ಹೂಡಿದ ಆಟವಿರಬಹುದೇ ಎಂದುಕೊಂಡಳು. ಈಡು ವಿಲ್ಬರ್ಟ್‌ನದೇ ಏಕಾಗಿರಬಾರದು? ಅವನ ಕೋವಿಯನ್ನು ಮೂಸಿದವರು ಯಾರು? ನಾರ್ಬ್ ಇವತ್ತು ಅತಿಯಾಗಿ ನಗುತ್ತಿರುವುದೇಕೆ? ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು, ಕೊನೆಗೆ ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪನ ಮೇಲೆ ಅವಳ ಕಣ್ಣು ನಿಂತಿತು.

ಕ್ಲೀಟಸ್ ತನ್ನ ಕೋವಿ ತಿಕ್ಕುತ್ತಿದ್ದ. ಎಣ್ಣೆಯ ಘಾಟು ಎಲೆಕೋಸಿನ ಹಬೆಯನ್ನೂ ಮೀರಿ ಬರುತ್ತಿತ್ತು. ಮೊದಲ ದಿನ ಮಧ್ಯಾಹ್ನ, ಇನ್ನೂ ಅರ್ಧ ದಿನದ ಬೇಟೆ ಇರುವಾಗ, ಯಾರಾದರೂ ಕೋವಿ ತಿಕ್ಕುತ್ತಾರೆಯೇ?

"ಯಾಕೆ ದೊಡ್ಡಪ್ಪ, ಈಗಲೇ ತಿಕ್ತಿದ್ದೀರಿ?"

"ಮಂಜಿತ್ತು. ತುಕ್ಕು ಹಿಡಿಯತ್ತೆ."

"ಮಂಡಿ ಎರಡೂ ಒದ್ದೆಯಾಗಿದೆ."

"ಜಾರಿ ಬಿದ್ದೆ. ಎಪ್ಪತ್ತಾರು ವರ್ಷ ಆಯ್ತಮ್ಮ, ಬೀಳ್ತೀನಿ."

"ಬಿದ್ದಿಲ್ಲ ಬಿಡೇ, ಮಂಡಿಯೂರಿ ಯಾವುದೋ ಜಿಂಕೆಗೆ ಮದುವೆ ಆಗ್ತೀಯಾ ಅಂತ ಕೇಳಿರ್ತಾನೆ," ಎಂದ ನಾರ್ಬ್. ಕ್ಲೀಟಸ್ ತಲೆ ಎತ್ತಲಿಲ್ಲ. ಊಟಕ್ಕೆ ಬಂದಾಗಿನಿಂದ ಅವನು ಒಂದು ಸಲವೂ ಅವಳ ಕಡೆ ತಿರುಗಿರಲಿಲ್ಲ. ಬೇಲಿಗೂಟದ ಮೇಲೆ ಕಾಫಿ ಡಬ್ಬಿ ಇಟ್ಟು, ಹನ್ನೊಂದು ವರ್ಷದ ವರ್ನಾಳಿಗೆ ಕೋವಿ ಹಿಡಿಯುವುದನ್ನು ಕಲಿಸಿದವನು ಇವನೇ.

ಅವಳು ಊಟ ಮಾಡಲಿಲ್ಲ. ಕೋವಿಯನ್ನು ಅಲ್ಲೇ ಬಿಟ್ಟು, ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ದಿಣ್ಣೆ ಹತ್ತಿದಳು.

ಆ ವರ್ಷ ಹಿಮ ಬಿದ್ದಿರಲಿಲ್ಲ, ಹೆಜ್ಜೆ ಗುರುತಿಗೆ ದಾರಿಯಿಲ್ಲ. ಕ್ಲೀಟಸ್ ಕೂರುತ್ತಿದ್ದುದು ಬಿದ್ದ ಹೆಮ್ಲಾಕ್ ಮರದ ಬೊಡ್ಡೆಯ ಮೇಲೆ. ಅದರ ಬಲಗಡೆ ಎಲೆಗಳನ್ನೆಲ್ಲ ಕೋಳಿ ಕೆದಕಿದ ಹಾಗೆ ಕೆದಕಿ ನೆಲದ ಮಣ್ಣು ಎದ್ದಿತ್ತು. ಯಾರೋ ಮಂಡಿಯೂರಿ ಬಹಳ ಹೊತ್ತು ತಡಕಾಡಿದ್ದಾರೆ. ವರ್ನಾಳಿಗೆ ಅರ್ಥವಾಯಿತು. ಲಿವರ್ ಕೋವಿಯಲ್ಲಿ ಹೊಡೆದವನ ಕೈ ತಾನಾಗಿಯೇ ಲಿವರನ್ನು ಎಳೆದುಬಿಡುತ್ತದೆ, ಖಾಲಿ ತೋಟೆ ಹಾರಿ ಎಲ್ಲೋ ಬೀಳುತ್ತದೆ. ಕೆದಕಿದ ಜಾಗದಿಂದ ಒಂದು ಮೊಳ ಆಚೆ, ಎಲೆಗಳ ಮೇಲೆಯೇ, ಅದು ಹೊಳೆಯುತ್ತ ಬಿದ್ದಿತ್ತು.

ಎತ್ತಿ ಬುಡ ನೋಡಿದಳು. ಮೂವತ್ತೆರಡು. ಅಣ್ಣ ತಮ್ಮ ಇಬ್ಬರೂ ಯುದ್ಧದಿಂದ ಬಂದ ವಾರ ಒಂದೇ ಅಂಗಡಿಯಲ್ಲಿ ಕೋವಿ ಕೊಂಡವರು. ಮರ, ಕಬ್ಬಿಣ, ಉದ್ದ ಎಲ್ಲ ಒಂದೇ, ತೋಟೆಯ ಅಳತೆ ಮಾತ್ರ ಬೇರೆ. ಅಪ್ಪನದಕ್ಕೆ ಮೂವತ್ತು-ಮೂವತ್ತು, ದೊಡ್ಡಪ್ಪನದಕ್ಕೆ ಮೂವತ್ತೆರಡು. ಈ ಬಿಡಾರದಲ್ಲಿ ಮೂವತ್ತೆರಡರ ಕೋವಿ ಇರುವುದು ಅದೊಂದೇ.

ಬೊಡ್ಡೆಯಿಂದ ಮೇಲಕ್ಕೆ ಐವತ್ತು ಹೆಜ್ಜೆಯಲ್ಲಿ ಎಲೆಗಳ ಮೇಲೆ ರಕ್ತ. ಅಲ್ಲಿಂದ ನಾಲ್ಕು ಮಾರು ಎಳೆದ ಗುರುತು, ಆಮೇಲೆ ಹೆಮ್ಲಾಕ್ ಕೊಂಬೆಗಳ ಒಂದು ರಾಶಿ. ಕೊಂಬೆ ಎತ್ತಿದರೆ ಕೆಳಗೆ ಹೆಣ್ಣು ಜಿಂಕೆ.

ಹೆಣ್ಣನ್ನು ಹೊಡೆಯುವ ದಿನಗಳೇ ಬೇರೆ, ಪರವಾನಗಿ ಚೀಟಿಯೇ ಬೇರೆ. ಕಣ್ತಪ್ಪಿ ಹೊಡೆದರೆ ಅದೇ ದಿನ ಬೇಟೆ ಇಲಾಖೆಯ ವಾರ್ಡನ್‌ಗೆ ತಾನೇ ಹೇಳಬೇಕು. ಬೈಗುಳ, ಸಣ್ಣ ದಂಡ, ಅಷ್ಟೇ. ಬಚ್ಚಿಟ್ಟು ಸಿಕ್ಕಿಬಿದ್ದರೆ ಪರವಾನಗಿಯೇ ಹೋಗುತ್ತದೆ. ಇದೆಲ್ಲ ಅವಳಿಗೆ ಹೇಳಿಕೊಟ್ಟವನೂ ಕ್ಲೀಟಸನೇ. ಇಂಥ ಮುದುಕ ಮಾಂಸವನ್ನು ಕೊಳೆಯಲು ಬಿಟ್ಟು, ತಮ್ಮನ ಮಗಳ ಮೇಲೆ ಗೂಬೆ ಕೂರಿಸಿ, ಆರಾಮಾಗಿ ಕೋವಿ ತಿಕ್ಕುತ್ತ ಕೂತಿದ್ದಾನೆ! ಅವಳಿಗೆ ಅಳು ಬಂತು.

ಹಿಂದೆ ಎಲೆ ಸರಿದ ಸದ್ದಾಯಿತು. ಕ್ಲೀಟಸ್ ಏದುಸಿರು ಬಿಡುತ್ತ ಹತ್ತಿ ಬಂದು ನಿಂತಿದ್ದ.

"ಇದು ನಿಮ್ಮ ಜಾಗದಲ್ಲಿ ಸಿಕ್ತು," ಎಂದು ತೋಟೆಯನ್ನು ಅವನ ಅಂಗೈಗೆ ಹಾಕಿದಳು. "ಬುಡದಲ್ಲಿ ಏನಿದೆ, ಓದಿ."

ಅವನು ಅದನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಬೆಳಕಿಗೆ ತಿರುಗಿಸಿದ, ತಲೆಯನ್ನು ಓರೆ ಮಾಡಿದ. ಆಮೇಲೆ ಗಟ್ಟಿ ದನಿಯಲ್ಲಿ ಹೇಳಿದ:

"ಮೂವತ್ತು-ಮೂವತ್ತು. ನಿಂದೇ. ನೋಡು, ಸ್ಪಷ್ಟವಾಗಿ ಬರ್ದಿದೆ."

ವರ್ನಾ ಅವನ ಕಣ್ಣನ್ನೇ ನೋಡಿದಳು. ಅವು ಅವಳ ಕಡೆಗಿದ್ದವು, ಆದರೆ ಅವಳ ಮುಖದ ಮೇಲಿರಲಿಲ್ಲ. ಕಿವಿಯ ಪಕ್ಕದಲ್ಲೆಲ್ಲೋ ಇದ್ದವು.

"ಮೂವತ್ತೆರಡು ಅಂತಿದೆ, ದೊಡ್ಡಪ್ಪ."

ಅವನು ತೋಟೆಯನ್ನು ಹಿಂದಕ್ಕೆ ಚಾಚಿದ, ಅವಳು ತೆಗೆದು ಜೇಬಿಗೆ ಹಾಕಿಕೊಂಡಳು.

"ಯಾವಾಗಿಂದ?"

"ಬೇಸಿಗೆಯಿಂದ. ಅಂಚೆಲ್ಲ ಕಾಣತ್ತೆ. ನಡುವೆ ಮಾತ್ರ ಮಸುಕು. ನೋಡ್ಬೇಕಾದ ಕಡೆಯೇ ಮಸುಕು."

"ನಿನ್ನೆ ನನ್ನ ಕೂರಿಸ್ಕೊಂಡು ನಲವತ್ತು ಮೈಲಿ ಗಾಡಿ ಓಡಿಸಿದ್ರಿ!"

"ನಿಧಾನ ಓಡಿಸ್ದೆನಲ್ಲ."

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಬೊಡ್ಡೆಯ ಕಡೆ ನೋಡಿದಳು, ಜಿಂಕೆಯ ಕಡೆ ನೋಡಿದಳು, ಅಲ್ಲಿಂದ ನೆಟ್ಟಗೆ ಮೇಲೆ, ಬೆಳಗ್ಗೆ ತಾನು ಒರಗಿ ಕೂತಿದ್ದ ಮರದ ಕಡೆ ನೋಡಿದಳು. ಮೂರೂ ಒಂದೇ ಗೆರೆಯಲ್ಲಿದ್ದವು.

"ಮೇಲಕ್ಕೆ ಹೊಡೆದ್ರಿ. ಮೇಲೆ ಯಾರಿದ್ರು?"

"ಗೊತ್ತು ಕಣೆ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಹೊಡೆದ ಮೇಲೆ ನೆನಪಾಯ್ತು. ನೀನು ಕೆಮ್ಮಿದ್ದು ಕೇಳೋ ತನಕ ಆ ಬೊಡ್ಡೆ ಮೇಲೇ ಕೂತಿದ್ದೆ, ಉಸಿರಾಡ್ಲಿಲ್ಲ. ಕೊಂಬು ಕಂಡಿತ್ತು ನಂಗೆ, ದೇವರಾಣೆ. ಹತ್ರ ಬಂದು ಜಿಂಕೆ ತಲೆ ತಡವಿದೆ. ನುಣ್ಣಗಿತ್ತು."

"ಅದಕ್ಕೆ ನನ್ನ ಹೆಸರು ಹೇಳಿದ್ರಿ."

"ನಿಂಗೆ ಅಂಗಿ ಅಂಚು ಹೋಗತ್ತೆ ಅಷ್ಟೇ ಅಂದ್ಕೊಂಡೆ. ಆ ವಿಲ್ಬರ್ಟ್ ಹಾಸಿಗೆ ತನಕ ಹೋಗ್ತಾನೆ ಅಂತ ನಂಗೇನು ಗೊತ್ತು? ನಂಗೆ... ಕೋವಿ ಕಿತ್ಕೋತಾರೆ ವರ್ನಾ. ಆಮೇಲೆ ಒಂದೊಂದಾಗಿ ಎಲ್ಲಾನೂ ಕಿತ್ಕೋತಾರೆ."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ನಾನು ಯಾರಿಗೂ ಹೇಳಲ್ಲ," ಎಂದಳು. "ಹೇಳೋದಿದ್ರೆ ನೀವೇ ಹೇಳ್ಬೇಕು. ಮೂರು ಗಂಟೆಗೆ ನಾನು ಹಾಸಿಗೆ ಸುತ್ತಿ ಹೊರಡ್ತೀನಿ. ಈ ಅಂಗಿಗೆ ಮಾತ್ರ ಕತ್ತರಿ ಹಾಕೋಕೆ ಬಿಡಲ್ಲ."

ಮಾಂಸ ಕೆಡದಿರಲೆಂದು ಚಾಕು ತೆಗೆದು ಅವಳೇ ಜಿಂಕೆಯ ಹೊಟ್ಟೆ ಸೀಳಿ ಕರುಳು ತೆಗೆದಳು. ಅವನು ಕಾಲು ಹಿಡಿದುಕೊಂಡ. ಜಿಂಕೆಯನ್ನು ಅಲ್ಲೇ ಬಿಟ್ಟು ಇಬ್ಬರೂ ಕೆಳಗಿಳಿದರು. ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಒಂದನ್ನೇ: ಹೇಳುತ್ತಾನೋ, ಇಲ್ಲವೋ. ಬೆಳಗ್ಗೆಯಾಗಿದ್ದರೆ ಅವನ ಮಾತಿನ ಮೇಲೆ ಪ್ರಾಣ ಇಡುತ್ತಿದ್ದಳು. ಈಗ ಅವನು ಬೂಟಿನ ಮಣ್ಣು ಕೆರೆಯಲು ನಿಂತರೂ ಅನುಮಾನವಾಗುತ್ತಿತ್ತು.

ವಿಲ್ಬರ್ಟ್ ಬಿಡಾರದ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದ.

"ಏನು ತೀರ್ಮಾನ?"

ಕ್ಲೀಟಸ್ ಅವನನ್ನು ದಾಟಿ ಹೋಗಿಯೇ ಬಿಡುವವನಂತೆ ನಾಲ್ಕು ಹೆಜ್ಜೆ ಹಾಕಿದ. ಆಮೇಲೆ ನಿಂತ.

"ಈಡು ನಂದು ವಿಲ್ಬರ್ಟ್. ಹೆಣ್ಣು ಜಿಂಕೆ. ಮುಚ್ಚಿಟ್ಟಿದ್ದೆ. ಇವಳು ಹೊಡೆದಿಲ್ಲ. ಕೆಳಗೆ ಅಂಗಡಿಗೆ ಹೋಗಿ ವಾರ್ಡನ್‌ಗೆ ಫೋನ್ ಮಾಡ್ತೀನಿ."

ವಿಲ್ಬರ್ಟ್ ತಲೆಯಾಡಿಸಿ ನಕ್ಕ.

"ಹೋಗಲೋ. ತಮ್ಮನ ಮಗಳು ಅಂತ ತಪ್ಪನ್ನ ನಿನ್ನ ತಲೆ ಮೇಲೆ ಎಳ್ಕೋಬೇಡ. ಐವತ್ತು ವರ್ಷದಿಂದ ನೋಡಿದೀನಿ, ನೀನು ಕೊಂಬು ಎಣಿಸದೆ ಕೋವಿ ಎತ್ತಿದವನಲ್ಲ." ವರ್ನಾಳ ಕಡೆ ತಿರುಗಿದ. "ಏನು ಹೇಳಿ ಒಪ್ಪಿಸಿದೆ ಮುದುಕನ್ನ? ಅತ್ತುಬಿಟ್ಟೆಯಾ?"

ವರ್ನಾ ಜೇಬಿಗೆ ಕೈ ಹಾಕಿದಳು. ತೋಟೆ ಅಲ್ಲೇ ಇತ್ತು. ತೋರಿಸಿದರೆ ಅದನ್ನೂ ದೊಡ್ಡಪ್ಪನ ಚೀಲದಿಂದ ಕದ್ದೆ ಎನ್ನುತ್ತಾನೆ. ಇನ್ನು ಹಾಸಿಗೆ ಸುತ್ತುವುದೊಂದೇ ಉಳಿದಿದೆ ಎಂದುಕೊಂಡಳು.

ಕ್ಲೀಟಸ್ ವಾದಕ್ಕೆ ನಿಲ್ಲಲಿಲ್ಲ. ಪ್ಯಾಂಟಿನ ಜೇಬಿನಿಂದ ಗಾಡಿಯ ಕೀಲಿಕೈ ತೆಗೆದು ವರ್ನಾಳ ಕಡೆ ಚಾಚಿದ. ಆ ಗಾಡಿಯನ್ನು ಅವನು ತನ್ನ ಸ್ವಂತ ಮಗನಿಗೂ ಓಡಿಸಲು ಕೊಟ್ಟವನಲ್ಲ. ಅವಳು ತೆಗೆದುಕೊಂಡಳು. ಅವನು ಚಾಲಕನ ಬಾಗಿಲು ಬಿಟ್ಟು, ಗಾಡಿಯ ಮೂತಿಯ ಮೇಲೆ ಅಂಗೈ ಊರಿ, ಅದನ್ನು ಸವರಿಕೊಂಡೇ ಆಚೆ ಬದಿಗೆ ಹೋದ. ಬಾಗಿಲ ಹತ್ತಿರ ನಿಂತು ಹಿಡಿಗಾಗಿ ತಡಕಿದ. ಕೈ ಗಾಜಿನ ಮೇಲೆ ಹೋಯಿತು, ಕೆಳಗೆ ತಗಡಿನ ಮೇಲೆ ಬಂತು, ಮತ್ತೆ ಗಾಜಿನ ಮೇಲೆ ಹೋಯಿತು.

ನಾರ್ಬ್ ಸೌಟು ಹಿಡಿದು ಬಾಗಿಲಿಗೆ ಬಂದವನು ಅಲ್ಲೇ ನಿಂತ. ವಿಲ್ಬರ್ಟ್ ಕಟ್ಟಿದ್ದ ಕೈ ಬಿಚ್ಚಿ ಎರಡು ಮೆಟ್ಟಿಲು ಇಳಿದ, ಗಾಡಿಯನ್ನು ಸುತ್ತಿ ಹೋದ, ಬಾಗಿಲು ತೆರೆದು ಹಿಡಿದ.

ಕ್ಲೀಟಸ್ ತಲೆ ಬಗ್ಗಿಸಿ ಒಳಗೆ ಕೂತ. ಕಾಲು ಎಳೆದುಕೊಂಡು, ಒಂದು ಮೊಳ ದೂರದಲ್ಲಿದ್ದ ವಿಲ್ಬರ್ಟ್‌ನ ಮುಖಕ್ಕೆ ಮುಖ ಎತ್ತಿ ಹೇಳಿದ:

"ಥ್ಯಾಂಕ್ಸ್, ನಾರ್ಬ್."

ವಿಲ್ಬರ್ಟ್ ತಿದ್ದಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಿದ.