ಬೆಳ್ಳಮ್ಮ ಎತ್ತಿಕೊಟ್ಟ ಸೋಬಾನೆ

ಕೇಬಲಿನ ವೈರನ್ನು ನಮ್ಮ ಸೂರಿನಿಂದ ಕಿತ್ತು ಬೀದಿಗೆ ಎಸೆದವನು ನಾನೇ. ಸರ್ಕಾರಿ ಕನ್ನಡ ಚಾನೆಲ್ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಕೇಬಲಿನವನು, "ಅದ್ನ ಯಾವನ್ಲಾ ನೋಡ್ತಾನೆ? ಮುದುಕ್ರು ನೋಡೋದು" ಎಂದು ಹಲ್ಲು ಕಿರಿದ. ನಮ್ಮ ಮುದುಕಿ ಬರುವುದು ಆ ಚಾನೆಲ್ಲಿನಲ್ಲೇ ಎಂದು ಆ ಮುಂಡೇದಕ್ಕೆ ಏನು ಗೊತ್ತು?

ನಮ್ಮಜ್ಜಿ ಬೆಳ್ಳಮ್ಮ ತೀರಿಕೊಂಡು ನಾಲ್ಕು ವರ್ಷ. ಪೂರಿಗಾಲಿಯಲ್ಲಿ ಯಾರ ಮದುವೆಯಾದರೂ ಅರಿಶಿನದ ಸೋಬಾನೆ ಎತ್ತಿಕೊಡುತ್ತಿದ್ದವಳು ಅವಳೇ. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಈಗ ನನ್ನ ತಂಗಿ ನಾಗಶ್ರೀಯ ಮದುವೆ, ಬುಧವಾರ ಅರಿಶಿನ. ಅಜ್ಜಿಯ ಹಾಡಿಲ್ಲದೆ ಮಣೆಯ ಮೇಲೆ ಕೂರುವುದಿಲ್ಲ ಎಂದು ಅವಳ ಹಟ. ಅಜ್ಜಿಯ ಪಕ್ಕದಲ್ಲೇ ನಲವತ್ತು ವರ್ಷ ಹಾಡಿದ ಮುದ್ದಮ್ಮಜ್ಜಿಯನ್ನು ಹೋಗಿ ಕೇಳಿದೆ.

"ಬೆಳ್ಳಕ್ಕ ಎತ್ಕೊಟ್ರೆ ಎಲ್ಲಾ ಬತ್ತದೆ ಕಣ್ಲಾ ಮಾದೇವು. ನೀನೇ ಎತ್ತು ಅಂದ್ರೆ ಒಂದೂ ಬರಾಕಿಲ್ಲ."

"ಅದೆಂಗಜ್ಜಿ? ಆಡು ಗೊತ್ತು, ಆದ್ರೂ ಗೊತ್ತಿಲ್ವಾ?"

"ಬಾವೀಲಿ ನೀರದೆ. ಸೇದೋ ಅಗ್ಗ ಅವ್ಳು ತಕೊಂಡೋದ್ಲು."

ಇಂಥ ಹೊತ್ತಿನಲ್ಲಿ ಸರ್ಕಾರಿ ಟೀವಿಯವರೇ ಅವ್ವನಿಗೆ ಫೋನು ಮಾಡಿದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೆ ಬಂದು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗಿದ್ದ ಅಜ್ಜಿಯ ಹಾಡನ್ನು ಭಾನುವಾರ ನಾಲ್ಕು ಗಂಟೆಗೆ ಮತ್ತೆ ಹಾಕುತ್ತಾರಂತೆ. ಊರಿಗೆಲ್ಲ ಇರುವುದು ನಾನು ಕಿತ್ತೆಸೆದ ಅದೇ ಕೇಬಲು. ಫೋನಿನಲ್ಲಿ ನೋಡೋಣವೆಂದರೆ ನಮ್ಮ ಬೀದಿಯಲ್ಲಿ ಬರೀ ಚಕ್ರ ಸುತ್ತುತ್ತದೆ.

ಅಟ್ಟದ ಮೇಲಿದ್ದ ಹಳೆಯ ಆಂಟೆನಾ ಇಳಿಸಿದೆ. ಬಿದಿರು ಗಳಕ್ಕೆ ಕಟ್ಟುವಾಗ, ಆ ಹಾಡು ಮೊದಲ ಸಲ ಟೀವಿಯಲ್ಲಿ ಬಂದ ಸಂಜೆ ನೆನಪಾಯಿತು. ಅಂಗಳದಲ್ಲಿ ಕಪ್ಪು ಬಿಳುಪು ಟೀವಿ, ಮುಂದೆ ಇಡೀ ಬೀದಿ. ನಾನು ಸೂರಿನ ಮೇಲೆ ಗಳ ಹಿಡಿದು ನಿಂತಿದ್ದೆ. "ಬಂತಾ?" ಎಂದರೆ, "ವಸಿ ಮೂಡ್ಲಾಗ್ ತಿರ್ಗುಸ್ಲಾ!" ಎಂದು ಕೆಳಗಿನಿಂದ ಕೂಗು. ಕೈಬಿಟ್ಟರೆ ಚಿತ್ರ ಹೋಗುತ್ತಿತ್ತು. ಹಾಗಾಗಿ ನಮ್ಮಜ್ಜಿ ಟೀವಿಯಲ್ಲಿ ಬಂದದ್ದನ್ನು ಇಡೀ ಊರು ನೋಡಿತು, ನಾನೊಬ್ಬ ನೋಡಲಿಲ್ಲ.

ಈ ಸಲ ಎತ್ತ ತಿರುಗಿಸಿದರೂ ಬರೀ ಇರುವೆ ಮುತ್ತಿದಂತೆ ಚುಕ್ಕೆ. ಮಳವಳ್ಳಿಗೆ ಹೋಗಿ ಕೇಳಿದರೆ ಟೀವಿ ರಿಪೇರಿ ಮಾಡುವ ಶಿವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ, ಆ ಟವರ್ ಮುಚ್ಚಿ ವರ್ಸಗಳಾದ್ವು. ನೀನು ಗಾಳೀಗ್ ಬಲೆ ಆಕ್ಕೊಂಡ್ ಕುಂತಿದ್ದೀಯಲ್ಲೋ!"

ಕೆನ್ನೆಗೆ ಬಿಡಬೇಕು ಅನ್ನಿಸಿತು. ಆದರೆ ಬೈಕಿನಲ್ಲಿ ನನ್ನ ಹಿಂದೆ ಕೂತು ಬಂದು ಸರ್ಕಾರದ ಪುಕ್ಕಟೆ ಚಾನೆಲ್ಲುಗಳ ಡಿಶ್ ಕೂರಿಸಿಕೊಟ್ಟವನೂ ಅವನೇ. ತಿಂಗಳ ಬಾಡಿಗೆ ಇಲ್ಲ, ಯಾವನ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ.

ಭಾನುವಾರ ಮೂರೂವರೆಗೇ ಹೆಂಗಸರೆಲ್ಲ ಬಂದು ಕೂತರು. ನಾನು ಫೋನು ಹಿಡಿದು ಟೀವಿಯ ಪಕ್ಕ ನಿಂತೆ. "ಯಾರೂ ಉಸ್ರು ಬುಡ್ಬೇಡಿ. ರೆಕಾಡ್ ಮಾಡ್ತಾ ಇವ್ನಿ" ಎಂದು ಗದರಿದೆ.

ಅಜ್ಜಿ ಬಂದಳು. ಮೂಗಿನಲ್ಲಿ ಬೊಟ್ಟು, ಹೆಗಲ ಮೇಲೆ ಸೆರಗು, ನಾನು ನೋಡಿದ್ದಕ್ಕಿಂತ ಎಷ್ಟೋ ಚಿಕ್ಕ ವಯಸ್ಸು. ನಾಗಶ್ರೀ ಬಾಯಿಗೆ ಸೆರಗು ಅದುಮಿಕೊಂಡಳು. ಅಜ್ಜಿ ಎತ್ತಿದಳು: "ಅರಿಶಿನ ಅರೆಯೋಳೆ, ಕೈಬಳೆ ಹಿಂದಕ್ಕೆ ಸರಿಸೆ..."

ಅಷ್ಟೇ. ಮುದ್ದಮ್ಮಜ್ಜಿಯ ಗಂಟಲು ಬಿಚ್ಚಿತು. ಹಿಂದೆಯೇ ಅವ್ವ, ಪಕ್ಕದ ಮನೆಯ ಪಟ್ಟಲಮ್ಮ, ಎಲ್ಲರೂ. ಸಾಲು ಎತ್ತಿಕೊಟ್ಟ ಮೇಲೆ ತಿರುಗಿ ಹೇಳದೆ ಇರುವುದು ಅವರಿಗೆ ಗೊತ್ತೇ ಇಲ್ಲ. ಟೀವಿಯೊಳಗಿನ ಹೆಂಗಸರು ಮುಗಿಸಿದರೂ ಇವರು ಮುಗಿಸುತ್ತಿರಲಿಲ್ಲ. ಅಜ್ಜಿಯ ಮುಂದಿನ ಸಾಲು ಇವರ ದನಿಯ ಅಡಿಗೆ ಬೀಳುತ್ತಿತ್ತು. ಆದರೂ ಅದು ಹೇಗೆ ಕೇಳಿಸಿತೋ, ಒಂದೂ ತಪ್ಪದೆ ತಿರುಗಿ ಹೇಳಿದರು.

ಮುಗಿದ ಮೇಲೆ ನನ್ನ ಮೈ ಉರಿದುಹೋಯಿತು. "ನಿಮ್ ಬಾಯ್ಗೆ ಮಣ್ಣಾಕ! ಮೊದ್ಲ ಸಾಲು ಬುಟ್ರೆ ಅಜ್ಜಿ ದನೀನೆ ಇಲ್ವಲ್ರವ್ವ ಇದ್ರಲ್ಲಿ! ಬರೀ ನಿಮ್ದೇ!"

"ನಮ್ದೇ ಅಂದ್ರೆ ಏನ್ಲಾ? ಅವ್ಳು ಏಳಿದ್ನೇ ತಾನೆ ನಾವ್ ಏಳಿದ್ದು?" ಮುದ್ದಮ್ಮಜ್ಜಿಯೂ ಸೋಲಲಿಲ್ಲ. "ಇನ್ನೊಂದ್ ಸಲ ಆಕು."

ಹಾಕಿದೆ. ಅವರು ತಮ್ಮ ದನಿಯನ್ನೇ ಕೇಳುತ್ತಾ ಸಾಲು ಎಣಿಸಿದರು. ಇಪ್ಪತ್ತೊಂದು. ಎಲ್ಲವೂ ಇದ್ದವು.

ಬುಧವಾರ ನಾಗಶ್ರೀ ಮಣೆಯ ಮೇಲೆ ಕೂತಳು. ಮುದ್ದಮ್ಮಜ್ಜಿ ಜೀವನದಲ್ಲಿ ಮೊದಲ ಸಲ ಎತ್ತಿಕೊಟ್ಟಳು. ದನಿ ನಡುಗುತ್ತಿತ್ತು, ಎರಡು ಕಡೆ ನಿಂತೇಹೋಯಿತು, ಆದರೂ ಕೊನೆ ಮುಟ್ಟಿಸಿದಳು.

ರೆಕಾರ್ಡನ್ನು ನಾನು ಅಳಿಸಿಲ್ಲ. ಹನ್ನೆರಡನೇ ಸಾಲಿನ ಹತ್ತಿರ ಮುದ್ದಮ್ಮಜ್ಜಿಗೆ ಕೆಮ್ಮು ಬಂದು ಎಲ್ಲರೂ ಅವಳ ಕಡೆ ತಿರುಗಿದ್ದರು. ಅಲ್ಲಿ ಅರ್ಧ ಸಾಲು ಅಜ್ಜಿ ಒಬ್ಬಳೇ ಇದ್ದಾಳೆ. ಬಸ್ಸಿನಲ್ಲಿ ಕೂತಾಗ ಅಷ್ಟನ್ನೇ ಹಾಕಿಕೊಳ್ಳುತ್ತೇನೆ.