ಫೌಜದಾರ ಬಾಯಾರಿಗೆ ಬರೆದ ಕಾಗದ

ಅವ್ವ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ನಾನು ನೂಲಿನ ಲಡಿ ಬಿಡಿಸಿ ಕೊಡುತ್ತಿದ್ದೆ. ಎಳೆ ಹರಿದರೆ ಅವ್ವ ಕೈ ಎತ್ತುತ್ತಾಳೆ. ನಾನು ತುದಿ ಹುಡುಕಿ ಕೊಟ್ಟರೆ ಬೆರಳಲ್ಲೇ ಒಂದು ತಿರುವು ಕೊಟ್ಟು ಕೂಡಿಸುತ್ತಾಳೆ. ಆ ಕೂಡಿಕೆ ಎಲ್ಲಿತ್ತೆಂದು ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಹತ್ತು ಕಂಡಿಕೆ ತುಂಬುವವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಹೀಗೆಯೇ.

ಮೊದಲು ಹೀಗಿರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮಗ್ಗಕ್ಕೆ ಹೊಸ ಹಾಸು ಬಂದರೂ ಅದರ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಕೆಚ್ಚಿ ಕೂಡಿಸಬೇಕು. ಆ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ. ಮೊದಲ ಕರೆ ನಮ್ಮವ್ವ ಸಾತವ್ವನಿಗೇ ಬರುತ್ತಿತ್ತು. ಈಗ ನಮ್ಮ ಬಾಗಿಲ ಮುಂದೆಯೇ ಹಾದು ಆಚೆ ಮನೆಯವರನ್ನು ಕರೆದುಕೊಂಡು ಹೋಗುತ್ತಾರೆ. ಅವ್ವ ರಾಟೆಯಿಂದ ಕಣ್ಣೆತ್ತುವುದಿಲ್ಲ.

ಓಣಿಗೆಲ್ಲ ನೂಲು ಕೊಡುವವರು ಶಿವಯೋಗೆಪ್ಪ ಸಾವಕಾರರು. ಶನಿವಾರ ನೂಲು ತೂಗಿ ಕೊಡುತ್ತಾರೆ, ನೇಯ್ದ ಸೀರೆ ತೂಗಿ ತೆಗೆದುಕೊಳ್ಳುತ್ತಾರೆ. ಒಂದು ಶನಿವಾರ ಅವ್ವ ಲಡಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ನೂಲು ಹಸಿ ಐತ್ರಿ, ಒಣಗಿಸಿ ತೂಗ್ರಿ ಅಂದಳು. ಅಂದದ್ದು ಮೆಲ್ಲಗೆ. ಆದರೆ ಹಿಂದೆ ನಿಂತ ಹೆಂಗಸರಿಗೆಲ್ಲ ಕೇಳಿತ್ತು.

ಮುಂದಿನ ಶನಿವಾರ ಸೀರೆ ತೂಗಿದಾಗ ಕಾಲು ಕಿಲೋ ಕಡಿಮೆ ಬಂತು. ಕಡಿಮೆ ಎಲ್ಲರದ್ದೂ ಬರುತ್ತಿತ್ತು. ಆದರೆ ಸಾವಕಾರರು ತಕ್ಕಡಿ ನಿಲ್ಲಿಸಿ ಕೇಳಿದ್ದು ನಮ್ಮವ್ವನನ್ನು ಮಾತ್ರ.

"ರೊಟ್ಟಿ ತಿಂತಿಯೋ, ನೂಲ ತಿಂತಿಯೋ ಸಾತವ್ವ?"

ಅಂಗಳವೆಲ್ಲ ನಕ್ಕಿತು. ಉಟ್ಟ ಸೀರೆಯ ನೆರಿಗೆ ಝಾಡಿಸಿ ತೋರಿಸು ಎಂದರು. ಅವ್ವ ಝಾಡಿಸಿದಳು. ನಾನು ಬುಟ್ಟಿ ಹಿಡಿದು ನಿಂತಿದ್ದೆ. ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿಕೊಂಡೆ. ಆ ದಿನದಿಂದ ನಮಗೆ ನೂಲು ನಿಂತಿತು, ಮಗ್ಗ ನಿಂತಿತು. ಏಳನೆಯ ಇಯತ್ತೆಯಲ್ಲಿದ್ದ ನನ್ನ ಸಾಲಿಯೂ ನಿಂತಿತು. ಪಕ್ಕದ ಮನೆಯ ಯಲ್ಲಕ್ಕ ತನ್ನ ನೂಲನ್ನು ಕಂಡಿಕೆ ಸುತ್ತಲು ನಮಗೆ ಕೊಡತೊಡಗಿದಳು. ಕತ್ತಲಾದ ಮೇಲೆ ತಂದಿಟ್ಟು ಹೋಗುತ್ತಿದ್ದಳು, ಸಾವಕಾರರಿಗೆ ತಿಳಿದರೆ ಅವಳ ನೂಲೂ ನಿಲ್ಲುತ್ತದೆಂದು.

ಕಳೆದ ದೀಪಾವಳಿಗೆ ಸಾವಕಾರರ ಮನೆಗೆ ಟಿವಿ ಬಂತು. ಓಣಿಗೆ ಅದೊಂದೇ. ಭಾನುವಾರ ಬೆಳಿಗ್ಗೆ ಹೆಣ್ಣು ಪೊಲೀಸ್ ಫೌಜದಾರಳ ಹಿಂದಿ ಧಾರಾವಾಹಿ; ಓಣಿಯವರು ಅವಳನ್ನು ಫೌಜದಾರ ಬಾಯಾರು ಅನ್ನುತ್ತಿದ್ದರು. ಅವ್ವ ಬರುತ್ತಿರಲಿಲ್ಲ. ನಾನು ಹೋಗಿ ಚಪ್ಪಲಿಗಳ ಹತ್ತಿರ ಕೂರುತ್ತಿದ್ದೆ. ಮುಗಿದ ಮೇಲೆ ಪಡಸಾಲೆ ಗುಡಿಸುವವಳು ನಾನೇ ಆದ್ದರಿಂದ ಯಾರೂ ಏಳು ಅನ್ನುತ್ತಿರಲಿಲ್ಲ.

ಹಿಂದಿ ಬಹಳ ಮಂದಿಗೆ ಬಾರದು. ಅಭಿಪ್ರಾಯ ಎಲ್ಲರಿಗೂ ಇತ್ತು. ಸಾವಕಾರರ ಹೆಂಡತಿ ಕಸ್ತೂರೆವ್ವನಿಗೆ ಆ ಬಾಯಾರ ತುರುಬು ಟೊಪ್ಪಿಗೆಯೊಳಗೆ ಹೇಗೆ ಹಿಡಿಸುತ್ತದೆ ಎಂಬುದೇ ಚಿಂತೆ. ಚಿಮ್ಮಡದಿಂದ ಬಂದ ಅವರ ಬೀಗಿತ್ತಿ, ಇಷ್ಟು ಹೆಣ ನೋಡಿಯೂ ಅಳದವಳು ಎಂಥ ಹೆಂಗಸು ಎಂದು ತಪ್ಪು ತೆಗೆದಳು. ಯಲ್ಲಕ್ಕನದು ಬೇರೆ ದೂರು.

"ಕಳ್ಳ ಮುಂದ ಕುಂತಾನ, ಈಕಿ ಬರೇ ನೋಡಾಕತ್ತಾಳ. ಕಪಾಳಕ್ಕ ಎರಡು ಕೊಟ್ರ ಅರ್ಧ ತಾಸಿನ್ಯಾಗ ಮುಗೀತಿತ್ತು."

"ಮುಗದ್ರ ನೀ ಮನಿಗೆ ಹೋಗಬೇಕಾಕ್ಕೈತಿ, ಕುಂಡ್ರ ಬೇ," ಎಂದರು ಸಾವಕಾರರು. ಹೆಂಗಸಿಗೆ ಕಳ್ಳ ಸಿಗುವುದು ಟಿವಿಯಲ್ಲಿ ಮಾತ್ರ ಎಂದೂ ಸೇರಿಸಿದರು.

ನನಗೆ ಮಾತ್ರ ಆ ನೋಡುವುದೇ ಬೇಕಾಗಿತ್ತು. ಅವಳು ಕೂಗುತ್ತಿರಲಿಲ್ಲ. ತಪ್ಪಿತಸ್ಥನ ಕೈಗಳನ್ನು ನೋಡುತ್ತ ಕೂರುತ್ತಿದ್ದಳು, ಅವನೇ ಬಾಯಿ ಬಿಡುವವರೆಗೆ. ನಾನೂ ಅದೇ ಮಾಡಿದೆ. ಒಂದು ಭಾನುವಾರ ಗುಡಿಸುವ ನೆಪದಲ್ಲಿ ಸಾವಕಾರರ ನೂಲಿನ ಕೋಣೆಯ ಬಾಗಿಲು ತಳ್ಳಿದೆ. ನೂಲಿನ ಗಂಟುಗಳ ಮೇಲೆ ತೊಯ್ದ ಗೋಣಿಚೀಲ ಹೊದಿಸಿದ್ದರು. ಮೂಲೆಯಲ್ಲಿ ನೀರಿನ ಕೊಡ, ಅದರಲ್ಲಿ ಒಂದು ಚೆಂಬು. ಬಾಗಿಲು ಎಳೆದುಕೊಂಡು ಬಂದು ಮತ್ತೆ ಗುಡಿಸಿದೆ.

ಧಾರಾವಾಹಿ ಮುಗಿದ ಮೇಲೆ ಸಾವಕಾರರದೊಂದು ಪದ್ಧತಿ. ಹುಬ್ಬಳ್ಳಿಯ ವಾರಪತ್ರಿಕೆಯೊಂದರಲ್ಲಿ ಟಿವಿ ನೋಡುವವರ ಕಾಗದಗಳು ಬರುತ್ತಿದ್ದವು. ಆ ಪತ್ರಿಕೆಯ ಮಡಿಕೆಯನ್ನು ಎಲ್ಲರೆದುರೇ ಮೊದಲ ಸಲ ಬಿಚ್ಚಿ, ಚಷ್ಮಾ ಏರಿಸಿ, ವಾರ್ತೆ ಓದುವವರಂತೆ ಓದುತ್ತಿದ್ದರು. ಫೌಜದಾರ ಬಾಯಾರು ಸೀರೆ ಉಡಬೇಕೆಂದು ಜಮಖಂಡಿಯವರೊಬ್ಬರು ಬರೆದಿದ್ದರು. ಅವರಿಗೆ ಲಗ್ನ ಮಾಡಿ ಧಾರಾವಾಹಿ ಮುಗಿಸಿರಿ ಎಂದು ಮುಧೋಳದ ಒಬ್ಬ ಮಾಸ್ತರರು. ಓಣಿಯಲ್ಲಿ ಓದು ಬಲ್ಲವನು ತಾನೊಬ್ಬನೇ ಎಂದು ಸಾವಕಾರರು ತಿಳಿದಿದ್ದರು.

ನಾನು ಅವ್ವನ ಮಗ್ಗದ ಕುಣಿಯಲ್ಲಿ ಇಳಿದು ಕೂತು ಆ ಪತ್ರಿಕೆಗೆ ಒಂದು ಕಾಗದ ಬರೆದೆ. ನಾಲ್ಕು ಸಲ ಬರೆದು ಹರಿದೆ. ಮೊದಲಿನದರಲ್ಲಿ ಸಾವಕಾರರ ಹೆಸರಿತ್ತು. ಆಮೇಲೆ ತೆಗೆದೆ. ಹೆದರಿ ಅಲ್ಲ. ಆ ಹೆಸರನ್ನು ಪತ್ರಿಕೆ ಹೇಳುವುದು ಬೇಕಿರಲಿಲ್ಲ. ಓದುತ್ತ ಓದುತ್ತ ಅವರ ಮುಖವೇ ಹೇಳಬೇಕು. ಅಂಗಳ ಕೇಳಬೇಕು.

ಅಂಚೆಗೆ ಹಾಕಿ ಏಳು ವಾರ ಕಾಯ್ದೆ. ಎಂಟನೆಯ ಶುಕ್ರವಾರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ತಿರುವಿದರೆ ನನ್ನ ಕಾಗದ ಅಚ್ಚಾಗಿತ್ತು. ಮರುದಿನ ಯಲ್ಲಕ್ಕ ಸಾವಕಾರರಲ್ಲಿ ಎರಡು ಕಿಲೋ ನೂಲು ತೂಗಿಸಿಕೊಂಡು ಬಂದಳು. ಕತ್ತಲಾಗುವವರೆಗೆ ಕಾಯದೆ ನಾನೇ ಅವಳ ಮನೆಗೆ ಹೋಗಿ ತಂದೆ. ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದೆ. ಭಾನುವಾರ ಬೆಳಿಗ್ಗೆಯೂ ಹರಡಿದೆ. ಅವ್ವ ನೋಡಿ ರಾಟೆಗೆ ಮರಳಿದಳು. ಒಂದು ಎಳೆಯನ್ನೂ ತೆಗೆಯದೆ ಗಂಟು ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಟಿವಿ ನೋಡಲು ಹೋದೆ.

ಧಾರಾವಾಹಿ ಮುಗಿಯಿತು. ಸಾವಕಾರರು ಮಡಿಕೆ ಬಿಚ್ಚಿದರು. ಬೀಳಗಿಯವರ ಒಂದು ಕಾಗದ ಓದಿದರು, ನಂತರ ನನ್ನದು ಹಿಡಿದರು.

"ಫೌಜದಾರ ಬಾಯಾರು ಕೂಗದೆ, ಹೊಡೆಯದೆ ಕಳ್ಳನನ್ನು ಹಿಡಿಯುವುದು ನನಗೆ ಮೆಚ್ಚಿಗೆ. ಅವರು ನಮ್ಮ ಊರಿಗೂ ಬರಬೇಕು. ಇಲ್ಲಿ ಒಬ್ಬ ನೇಕಾರ ಹೆಂಗಸನ್ನು, ರೊಟ್ಟಿ ತಿನ್ನುತ್ತೀಯೋ ನೂಲು ತಿನ್ನುತ್ತೀಯೋ ಎಂದು ಕೇಳಿದರು."

ಸಾವಕಾರರ ದನಿ ಅಲ್ಲಿ ಒಮ್ಮೆ ತಗ್ಗಿತು. ಹೆಂಗಸರು ತಲೆ ಎತ್ತಿದ್ದರು. ಆ ಮಾತನ್ನು ಅವರೆಲ್ಲ ಒಮ್ಮೆ ಕೇಳಿದ್ದರು, ಇದೇ ಬಾಯಿಂದ. ಮುಂದ ಓದ್ರಿ, ಎಂದಳು ಕಸ್ತೂರೆವ್ವ. ತೂಗುವ ದಿನ ಅಂಗಳಕ್ಕೆ ಬಾರದ ಅವಳಿಗೆ ಏನೂ ತಿಳಿದಿರಲಿಲ್ಲ. ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರೆಂದು ಕೇಳುತ್ತಾಳೆ. ಅವರು ಓದಿದರು.

"ಬಾಯಾರು ಬಂದರೆ ಒಂದೇ ಕೆಲಸ ಮಾಡಲಿ. ಕೊಟ್ಟ ದಿನದ ನೂಲನ್ನು ಬಿಸಿಲಿಗೆ ಹಾಕಿ ಮತ್ತೊಮ್ಮೆ ತೂಗಲಿ. ನೂಲು ತಿನ್ನುವುದು ನೇಕಾರರಲ್ಲ, ಬಿಸಿಲು. ನೀರು ಕುಡಿಸಿದವರು ಯಾರೆಂದು ಆಗ ತಿಳಿಯುತ್ತದೆ."

ಪತ್ರಿಕೆ ಹಿಡಿದ ಅವರ ಹೆಬ್ಬೆರಳನ್ನೇ ನಾನು ನೋಡುತ್ತಿದ್ದೆ. ಅದು ಕಾಗದದೊಳಗೆ ಇಳಿದು ತೂತು ಬಿದ್ದಿತ್ತು. ಎರಡು ವರ್ಷದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ಉಂಡಿರಲಿಲ್ಲ.

"ಯಾರ ಬರದದ್ರೀ?" ಎಂದಳು ಕಸ್ತೂರೆವ್ವ.

ಅವರು ಪತ್ರಿಕೆ ಮಡಚಿದರು. ನಾನು ಚಪ್ಪಲಿಗಳನ್ನು ದಾಟಿ ನಡುವೆ ಬಂದು ಗಂಟನ್ನು ಟಿವಿಯ ಮುಂದೆ ಇಟ್ಟೆ. ಅಷ್ಟು ಜನರ ಎದುರು ನಾನು ಎಂದೂ ಮಾತಾಡಿದವಳಲ್ಲ.

"ನಾ ಬರದದ್ದು. ಇದು ನಿನ್ನೆ ನೀವು ಎರಡು ಕಿಲೋ ಅಂತ ಕೊಟ್ಟ ನೂಲು. ಈಗ ತೂಗ್ರಿ."

ತಕ್ಕಡಿ ಬಾಗಿಲ ಹಿಂದೆಯೇ ತೂಗುತ್ತಿತ್ತು. ಸಾವಕಾರರು ಅತ್ತ ನೋಡಲಿಲ್ಲ. ನನ್ನನ್ನೇ ನೋಡಿದರು, ನಂತರ ಗಂಟನ್ನು. ಬಿಳಿಚಿದ್ದ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು.

"ನಿಮ್ಮ ಮನಿಗೆ ನೂಲು ಕೊಟ್ಟು ಎರಡ ವರ್ಷ ಆತು," ಎಂದರು. "ಇದ ಎಲ್ಲಿಂದ ಕದ್ದಿ?"

ಇದೊಂದನ್ನು ನಾನು ಯೋಚಿಸಿರಲಿಲ್ಲ. ಏಳು ವಾರ ಎಲ್ಲವನ್ನೂ ಯೋಚಿಸಿದ್ದೆ. ಮೂಲೆಯಲ್ಲಿ ಒಬ್ಬಳು ಆಗಲೇ ನನ್ನ ಸೀರೆಯ ನೆರಿಗೆಗಳನ್ನು ನೋಡುತ್ತಿದ್ದಳು. ಟಿವಿಯಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು.

ನಾನು ಯಲ್ಲಕ್ಕನ ಕಡೆ ತಿರುಗಿದೆ. ಅವಳು ಸೆರಗನ್ನು ಬಾಯಿಗೆ ಹಿಡಿದು ಟಿವಿ ನೋಡುತ್ತಿದ್ದಳು.

"ಯಲ್ಲಕ್ಕ, ಇದು ನಿನ್ನ ನೂಲು ಅಂತ ಹೇಳು."