ಹೂಂ ಬರದ ಸಾಲು

ಕಲಾಕೃತಿಗಳ ಬಗ್ಗೆ ಯಾರಿಗೂ ಅರ್ಥವಾಗದಂತೆ ಬರೆಯುವವರನ್ನು ಕಂಡರೆ ಶಿವಕಾಂತಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪುಣೆಯ ಗ್ಯಾಲರಿಗಳಿಗೆ ತಾನು ಬರೆದುಕೊಡುವ ಪ್ರತಿ ಟಿಪ್ಪಣಿಯನ್ನೂ ಅವಳು ಮೊದಲು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಕಟ್ಟಡದ ಕೆಲಸದಲ್ಲೇ ಮುದುಕಿಯಾದ, ಅಕ್ಷರ ಬಾರದ ಬಸವಣ್ಣೆವ್ವ ಕಥೆ ಕೇಳುವವಳ ಹಾಗೆ ಸಾಲುಸಾಲಿಗೂ ಹೂಂ ಅನ್ನುತ್ತಿದ್ದಳು. ಹೂಂ ಬರದ ಸಾಲನ್ನು ಮಗಳು ಹೊಡೆದುಹಾಕುತ್ತಿದ್ದಳು.

ಈ ಸಲ ಮಾತ್ರ ಅವಸರದಲ್ಲಿ ಅವ್ವನಿಗೆ ಓದದೆಯೇ ಕಳಿಸಿಬಿಟ್ಟಿದ್ದಳು. ಕೆಲಸದ ಜಾಗದಲ್ಲಿ ಸತ್ತ ಕೂಲಿಕಾರರ ಅಂಗಿಗಳನ್ನು ಮನೆಮನೆಯಿಂದ ಕೇಳಿ ತಂದು, ಕಲಾವಿದೆಯೊಬ್ಬಳು ಗೋಡೆಯಷ್ಟು ದೊಡ್ಡ ಕೌದಿ ಹೊಲಿದಿದ್ದಳು. ಪುಣೆಯದೇ ವಾಕಡದಲ್ಲಿ, ಕಟ್ಟುತ್ತಿದ್ದ ಕಟ್ಟಡದ ಏಳನೇ ಮಹಡಿಯಿಂದ ಬಿದ್ದು ಸತ್ತ ಅಪ್ಪನ ನೀಲಿ ಅಂಗಿ ಹದಿನಾಲ್ಕು ವರ್ಷ ಪೆಟ್ಟಿಗೆಯಲ್ಲಿತ್ತು. ಅದನ್ನು ಅವ್ವನೇ ತೆಗೆದುಕೊಟ್ಟಿದ್ದಳು.

ಪ್ರದರ್ಶನದ ಮೊದಲ ದಿನ ಅವ್ವ ಆ ನೀಲಿ ತುಂಡಿನ ಎದುರು ನಿಂತು, ಪಕ್ಕದ ಫಲಕ ತೋರಿಸಿ, “ಏನ್ ಬರ್ದೀ, ಓದವಾ” ಅಂದಳು.

ಶಿವಕಾಂತಾ ಮರಾಠಿಯಲ್ಲಿದ್ದದ್ದನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದಳು.

“ಇದು ಅಂಗಿಗಳ ಕೌದಿ.”

“ಹೂಂ.”

“ಇವನ್ನು ತೊಟ್ಟವರು ಈ ಊರನ್ನು ಕಟ್ಟಿದರು.”

“ಹೂಂ.”

“ಅವರಿಗೆ ಹೆಸರಿಲ್ಲ.”

ಬರೆದಾಗ ಶಿವಕಾಂತಾ ತಾನೇ ಭಾರಿ ಮೆಚ್ಚಿಕೊಂಡಿದ್ದ ಸಾಲು ಅದು. ಹೂಂ ಬರಲಿಲ್ಲ. ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಕೇಳಿದಳು:

“ಗಂಡನ ಹೆಸರ ನಾ ಹೇಳಂಗಿಲ್ಲ, ಖರೆ. ನಿನಗೇನಾಗಿತ್ತವಾ?”